ಯಾರಿಗೆ ಹೇಳಿದಿ?

ಮನೆಯಲ್ಲಿ ಯಾರೇ ಕೆಲಸ ಹೇಳಲಿ, ಅದು ನನಗಲ್ಲ, ಬೇರೆ ಯಾರಿಗೋ ಎಂದು ನಂಬಿಬಿಡುವ ಸುಖ ನನಗೆ ಮೊದಲಿನಿಂದಲೂ ಒಲಿದಿದೆ. ನನ್ನ ಹೆಂಡತಿ ಶೋಭಾ ನನ್ನ ಹೆಸರು ಹಿಡಿದು ಕರೆಯುವುದಿಲ್ಲ. ಅವ್ವನಿಗೆ ಅದು ಸೇರುವುದಿಲ್ಲ. ಹಾಗಾಗಿ ನನಗೂ ‘ರಿ’, ಅಪ್ಪನಿಗೂ ‘ರಿ’. ಈ ಒಂದು ಅಕ್ಷರದ ಮರೆಯಲ್ಲಿ ಹನ್ನೊಂದು ವರ್ಷ ಆರಾಮಾಗಿ ಸಂಸಾರ ಮಾಡಿದ್ದೇನೆ.

ಗೋಕಾಕದ ಮನೆಯಲ್ಲೇ ಕೂತು ಮೇನ್‌ಫ್ರೇಮ್ ಎಂಬ ಹಳೆಯ ದೊಡ್ಡ ಕಂಪ್ಯೂಟರಿಗೆ ಸ್ಕ್ರಿಪ್ಟ್ ಬರೆಯುವುದು ನನ್ನ ಉದ್ಯೋಗ. ಕಮಾಂಡು ಎಂದರೆ ಕಂಪ್ಯೂಟರಿಗೆ ಕೊಡುವ ಅಪ್ಪಣೆ; ಒಂದರ ಫಲ ಇನ್ನೊಂದಕ್ಕೆ ಹರಿಯುವಂತೆ ಸಾಲಾಗಿ ಜೋಡಿಸಬೇಕು. ಆ ವಾರ ಒಂದು ಕಮಾಂಡು ಮೊಂಡು ಹಿಡಿದಿತ್ತು. ಕೈಯಾರೆ ಕೊಟ್ಟರೆ ಓಡುತ್ತದೆ; ಸ್ಕ್ರಿಪ್ಟಿನೊಳಗಿಟ್ಟರೆ ‘ಮೈನಸ್ ಮೂರು’ ಎನ್ನುತ್ತದೆ. ಅಂದರೆ, ಇಂಥ ಕಮಾಂಡೇ ನನಗೆ ಗೊತ್ತಿಲ್ಲ ಎಂದರ್ಥ. ಕಾಗುಣಿತ ನೋಡಿದೆ, ಚುಕ್ಕೆ ನೋಡಿದೆ, ಕೊನೆಗೆ ದೇವರ ಫೋಟೋ ಕೂಡ ನೋಡಿದೆ. ಸಂಜೆಯೊಳಗೆ ಸರಿಯಾಗದಿದ್ದರೆ ನಾನು ಪುಣೆಯ ಆಫೀಸಿಗೆ ಬಂದು ಕೂರಬೇಕೆಂದು ಮ್ಯಾನೇಜರು ಹೇಳಿಬಿಟ್ಟಿದ್ದರು. ಊರು ಬಿಡುವುದು ನನ್ನಿಂದಾಗದ ಮಾತು.

ಅಷ್ಟರಲ್ಲಿ ಶೋಭಾ ಅಪ್ಪನಿಗೆ ಗುಳಿಗೆ ಕೊಟ್ಟು, ಅದೇ ಉಸಿರಿನಲ್ಲಿ “ಹಾಲ ಇಳಸ್ರಿ” ಎಂದು ಹೇಳಿ ಅರಿವೆ ಒಣಹಾಕಲು ಮಾಳಿಗೆ ಹತ್ತಿದಳು. ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ, ನಾನು ಲ್ಯಾಪ್‌ಟಾಪಿನಿಂದ ಎತ್ತಲಿಲ್ಲ. ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ವಾಸನೆ ಹಿಡಿದು ಅವಳು ಕೆಳಗಿಳಿದಾಗ, ತಪ್ಪು ಅವಳದೇ ಎಂಬಂತೆ ಕೇಳಿದೆ:

“ಯಾರಿಗೆ ಹೇಳಿದಿ? ಈಗಷ್ಟ ಅಪ್ಪನ ಜೋಡಿ ಮಾತಾಡಾಕತ್ತಿದ್ದಿ, ಅವರಿಗೇ ಅಂತ ತಿಳಕೊಂಡೆ.”

“ಹೆಸರ ಹಿಡದ್ರ ಅತ್ತಿ ಸಿಟ್ಟಾಗ್ತಾರ, ಹಿಡೀಲಿಲ್ಲಂದ್ರ ನೀವು ಏಳಂಗಿಲ್ಲ. ನಾ ಏನ ಮಾಡ್ಲಿ?”

‘ಯಾರಿಗೆ ಹೇಳಿದಿ’ ಎಂಬ ನನ್ನ ಮಾತು ನನಗೇ ತಟ್ಟಿತು. ಹಾಲು ಒರೆಸುವುದನ್ನೂ ಬಿಟ್ಟು ಓಡಿ ಸ್ಕ್ರಿಪ್ಟು ನೋಡಿದರೆ, ಆ ಮೊಂಡು ಕಮಾಂಡಿಗಿಂತ ಐದು ಸಾಲು ಮೇಲೆ ನಾನು ಸ್ಕ್ರಿಪ್ಟಿನ ಮುಖವನ್ನು ಫೈಲು ತಿದ್ದುವ ಎಡಿಟರ್ ಕಡೆ ತಿರುಗಿಸಿದ್ದೆ, ಮರಳಿ ತಿರುಗಿಸಿರಲಿಲ್ಲ. ಮುಂದಿನ ಅಪ್ಪಣೆಯೂ ಆ ಬಡಪಾಯಿಗೇ ಹೋಗುತ್ತಿತ್ತು. ಅದು ಪಾಪ ಗೊತ್ತಿಲ್ಲ ಎನ್ನುತ್ತಿತ್ತು. ಈ ಅಪ್ಪಣೆ ಯಾರಿಗೆ ಎಂದು ತಿಳಿಸುವ ಒಂದು ಸಾಲು ಸೇರಿಸಿದೆ. ಸೊನ್ನೆ ಬಂತು, ಅಂದರೆ ತಪ್ಪಿಲ್ಲದೆ ಓಡಿತು. ನಾನು ಸೊನ್ನೆ ಪಡೆದು ಪಾಸಾಗುವುದು ಮೇನ್‌ಫ್ರೇಮಿನಲ್ಲಿ ಮಾತ್ರ. ಪುಣೆ ತಪ್ಪಿತು.

ಖುಷಿ ತಡೆಯಲಾರದೆ ಊಟಕ್ಕೆ ಕೂತಾಗ ಭಾಷಣ ಬಿಗಿದೆ. ಯಾರಿಗೆ ಹೇಳುತ್ತೇವೆಂದು ಹೇಳದಿದ್ದರೆ ಜಗತ್ತಿನಲ್ಲಿ ಯಾವ ಕೆಲಸವೂ ಆಗದು ಎಂದೆ. ಅವ್ವ ರೊಟ್ಟಿ ಮುರಿಯುತ್ತ ಕೇಳಿಸಿಕೊಂಡು, ಖರೆ ಐತಿ, ಇನ್ನ ಮ್ಯಾಲೆ ಹೆಸರ ಹಿಡದ ಕರಿಯವಾ ಎಂದು ಸೊಸೆಗೆ ಅಪ್ಪಣೆ ಕೊಟ್ಟೇಬಿಟ್ಟಳು.

ಮರುದಿನ ಬೆಳಿಗ್ಗೆ ಮಾಳಿಗೆಯಿಂದ ಓಣಿಗೆಲ್ಲ ಕೇಳುವಂತೆ ಬಂತು: “ಮಲ್ಲಿಕಾರ್ಜುನ ಅವರ, ಹಾಲ ಇಳಸ್ರಿ.”

ಅಪ್ಪ ಪೇಪರಿನ ಹಿಂದೆ ನಕ್ಕಿದ್ದು ಕೇಳಿಸಿತು. ಎದುರು ಮನೆಯ ಕಾಕಾ ಕೂಡ ಕಿಟಕಿಯಲ್ಲಿ ನಿಂತು, ನಾನು ಏಳುವುದನ್ನೇ ಕಾಯುತ್ತಿದ್ದರು. ಎದ್ದೆ.