ಗಣಪತಿಯ ಕಣ್ಣಿಗೆ ನನ್ನ ವಿಜ್ಞಾನ

ನನ್ನ ಸೋದರಮಾವನ ಮಗ ಗಣಪತಿ ಲಾರಿ ಡ್ರೈವರ್ ಆಗುವುದು ಈ ಜನ್ಮದಲ್ಲಿ ಸಾಧ್ಯವಿಲ್ಲ ಎಂದು ಸಾರಿದ ಮಹಾನುಭಾವ ಬೇರೆ ಯಾರೂ ಅಲ್ಲ, ನಾನೇ! ನಮ್ಮ ಮನೆತನದ ಮೊಟ್ಟಮೊದಲ ಬಿ.ಎಸ್ಸಿ. ನಮ್ಮೂರು ಕಾಗಾಲದಿಂದ ಕುಮಟೆಯ ಕಾಲೇಜಿಗೆ ನಡೆದು ನಡೆದು ಆನುವಂಶಿಕತೆ ಓದಿದವನು. ರೋಗ ರಕ್ತದಲ್ಲಿ ಹೇಗೆ ಇಳಿದು ಬರುತ್ತದೆಂದು ತಿಳಿದರೆ ಮದ್ದಿನ ದಾರಿಯೂ ತಿಳಿದೀತು ಎಂಬ ಕುತೂಹಲ ತಲೆಗೇರಿತ್ತು.

ಪ್ರಯೋಗಕ್ಕೆ ಗಣಪತಿಯ ಅಪ್ಪ ಮಾದೇವಮಾವ ಸಿಕ್ಕ. ಹಣ್ಣುಮೆಣಸು ಕೊಯ್ಯೆಂದರೆ ಹಸಿಯದನ್ನೂ ಸೇರಿಸಿ ಕೊಯ್ಯುತ್ತಿದ್ದ. ಅತ್ತೆ ಅದಕ್ಕೆ ಸೋಮಾರಿತನ ಎನ್ನುತ್ತಿದ್ದಳು. ನಾನು ವರ್ಣಾಂಧತೆ ಎಂದೆ. ಕೆಂಪು ಹಸಿರು ಬೇರೆಯಾಗಿ ಕಾಣದ ದೋಷ. ಕೂಡಲೇ ವಂಶವೃಕ್ಷ ಬರೆದು, ಮಾವನ ಕೆಳಗೆ ಗಣಪತಿಗೂ ಗುರುತು ಹಾಕಿದೆ. ನನ್ನ ಹೆಸರು ಬರೆಯಲಿಲ್ಲ. ಸಂಶೋಧಕನನ್ನೇ ಸಂಶೋಧಿಸುವುದುಂಟೆ!

ಆದರೆ ಭಟ್ಕಳದ ಲಾರಿ ಮಾಲಕರೊಬ್ಬರು ಗಣಪತಿಗೆ ಕೆಲಸ ಕೊಡಲು ಒಪ್ಪಿದ್ದರು. ಕಣ್ಣು ಸರಿಯಿದೆ ಎಂಬ ಡಾಕ್ಟರರ ಸರ್ಟಿಫಿಕೇಟು ಒಂದೇ ಬಾಕಿ.

"ಅಣ್ಣಾ, ನಂಗೆ ಕೆಂಪು ಹಸಿರು ಎರಡೂ ಕಾಣ್ತದೆ ಮಾರಾಯಾ!"

"ಕಾಣ್ತದೆ ಅಂತ ನಿಂಗೆ ಅನ್ಸೂದು. ಶಾಸ್ತ್ರ ಒಪ್ಪೂದಿಲ್ಲ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಂಗಾರೆ ನನ್ನ ಮಗನ ಕೆಲ್ಸ ಹೋಯ್ತಾ? ಎಂತ ಕಲ್ತು ಬಂದ್ಯೋ ನೀನು!"

ಕುಮಟೆಗೆ ಮಾವ, ಗಣಪತಿ, ನಾನು ಮೂವರೂ ಹೋದೆವು. ಗಣಪತಿ ಬಾಯಿ ತೆರೆಯುವ ಮೊದಲೇ ನಾನು ಡಾಕ್ಟರರೆದುರು ವಂಶವೃಕ್ಷ ಬಿಡಿಸಿ ಭಾಷಣ ಮಾಡಿದೆ. ಅವರು ಶಾಂತವಾಗಿ ಕೇಳಿ, ಬಣ್ಣದ ಚುಕ್ಕೆಗಳ ಪುಸ್ತಕ ತೆಗೆದರು. ಚುಕ್ಕೆಗಳ ನಡುವಿನ ಅಂಕಿಗಳನ್ನು ಗಣಪತಿ ಮಗ್ಗಿ ಹೇಳಿದಂತೆ ಓದಿಬಿಟ್ಟ!

"ಪುಸ್ತಕದಲ್ಲೇ ಏನೋ ದೋಷವಿದೆ," ಎಂದೆ.

"ಹೌದೆ? ನೀವೇ ನೋಡಿ. ಇಲ್ಲಿ ಯಾವ ಅಂಕಿ?"

"ಬರೀ ಚುಕ್ಕೆ."

"ಇದರಲ್ಲಿ?"

"ಇದರಲ್ಲೂ ಚುಕ್ಕೆ. ನಾನು ಹೇಳಲಿಲ್ಲವೇ!"

ಗಣಪತಿ ಇಣುಕಿದ. "ಏ ಅಣ್ಣಾ, ಅಷ್ಟು ದೊಡ್ಡ ಏಳು ಕಾಣೂದಿಲ್ವಾ?"

ಕಾಲೇಜಿನಲ್ಲಿ ಸ್ಲೈಡುಗಳ ಬಣ್ಣವನ್ನು ಪಕ್ಕದವನನ್ನು ಕೇಳಿ ಬರೆಯುತ್ತಿದ್ದುದು ಆಗ ನೆನಪಾಯಿತು. ಡಾಕ್ಟರರು ನನ್ನ ವಂಶವೃಕ್ಷದ ಮೇಲೆ ಬೆರಳಿಟ್ಟು ಹೇಳಿದರು: "ಇದು ತಂದೆಯಿಂದ ಮಗನಿಗೆ ಇಳಿಯುವುದಿಲ್ಲ. ತಾಯಿಯ ಮೂಲಕ ಬರುತ್ತದೆ. ಮಾವನಿಗಿದ್ದರೆ ಮೊದಲು ಅವನ ಅಕ್ಕತಂಗಿಯರ ಗಂಡುಮಕ್ಕಳನ್ನು ನೋಡಬೇಕು. ಇದನ್ನು ನೀವು ಓದಿರಬೇಕಲ್ಲ?"

ಓದಿದ್ದೆ. ಪರೀಕ್ಷೆಯಲ್ಲಿ ಬರೆದೂ ಇದ್ದೆ!

ಡಾಕ್ಟರರು ಸಹಿ ಹಾಕಿ ಸರ್ಟಿಫಿಕೇಟನ್ನು ಗಣಪತಿಯ ಕೈಗಿತ್ತರು. ಹೊರಗೆ ಕೂತಿದ್ದ ಮಾವ ಎಲ್ಲವನ್ನೂ ಕೇಳಿಕೊಂಡು, ಎದ್ದು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ.

"ಆತು ಬಿಡು ತಮ್ಮಾ. ಮಗ ಅಂತೂ ಪೂರಾ ಅವನ ಅಮ್ಮನಂಗೆ. ನೀನಾದ್ರೂ ನನ್ನ ಹೋಲಿದ್ಯಲ್ಲಾ!"