ಬಿಕ್ಕಳಿಕೆಯ ಮೂಲ

ಪವಿತ್ರ: ಈ ಲಿಂಕ್ ಒತ್ತಿದ್ರೆ ಸೀರೆ ಅಂಗಡಿ ಬರುತ್ತೆ ಸಾರ್. ಬಿಕ್ಕಳಿಕೆ ಎಲ್ಲಿ?

ಸದಾಶಿವಪ್ಪ: ಓದ್ ತಿಂಗ್ಳು ಅಲ್ಲೇ ಇತ್ತು ಕಣಮ್ಮ. ಸೀರೆ ರೇಟ್ ನೋಡಿ ನಿಂತೋಗಿರ್ಬೇಕು.

ಡಾಕ್ಟರ್ ಪವಿತ್ರ ಕೊಳ್ಳೇಗಾಲದ ವೈದ್ಯರು ತರುವ ಪತ್ರಿಕೆಯ ಸಂಪಾದಕಿ. ಮೂವತ್ತನಾಲ್ಕು ವರ್ಷ ಕಾಂಪೌಂಡರಾಗಿದ್ದು ನಿವೃತ್ತನಾದ ಸದಾಶಿವಪ್ಪ ಅದಕ್ಕೊಂದು ಲೇಖನ ಬರೆದಿದ್ದ. ಅಲ್ಲಿಯವರೆಗೆ ಅವನ ಹೆಸರು ಅಚ್ಚಾಗಿದ್ದು ಮತದಾರರ ಪಟ್ಟಿಯಲ್ಲಿ ಮಾತ್ರ, ಅದೂ ‘ಸದಾಶಿವಮ್ಮ’ ಅಂತ. ಹಾಗಾಗಿ ಯಳಂದೂರಿನಿಂದ ಹನೂರಿನವರೆಗೆ ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ಸುದ್ದಿ ಹಂಚಿಯಾಗಿತ್ತು. ಲೇಖನದ ಸಾರ ಇಷ್ಟೆ: ಬಿಳಿಗಿರಿರಂಗನ ಬೆಟ್ಟಕ್ಕೆ ಮುಖ ಮಾಡಿ ಏಳು ಗುಟುಕು ನೀರು ಕುಡಿದರೆ ಎಂಥ ಬಿಕ್ಕಳಿಕೆಯೂ ನಿಲ್ಲುತ್ತದೆ. ಎದುರುಮನೆಯ ಹೆಂಚು ಜಾರಿಸುವಂಥ ಬಿಕ್ಕಳಿಕೆಯೂ ನಿಂತದ್ದುಂಟು.

ಇವತ್ತೇ ಅಚ್ಚಿಗೆ ಹೋಗಬೇಕು. ಮೂಲ ಇಲ್ಲದಿದ್ದರೆ ಲೇಖನ ಇಲ್ಲ. ಅವನು ಕೊಟ್ಟಿದ್ದು ಮೂರು; ಮೊದಲನೆಯದು ಸೀರೆ ಅಂಗಡಿಯಾಯಿತು, ಎರಡನೆಯದು ವಾಟ್ಸಾಪ್. ಬರೆದವರು ಯಾರು, ಯಾವತ್ತು ಬರೆದರು ಎಂದು ಅವಳು ಕೇಳಿದ್ದಕ್ಕೆ, ಅದು ಗೊತ್ತಿಲ್ಲ, ಹತ್ತು ಜನಕ್ಕೆ ಕಳಿಸಿ ಅಂತ ಇತ್ತು, ನಾನು ಹನ್ನೆರಡು ಜನಕ್ಕೆ ಕಳಿಸಿದೆ ಎಂದ.

ಉಳಿದದ್ದು ಮೂರನೆಯದು: ‘ಕಾಮಗೆರೆಯ ಸೂಲಗಿತ್ತಿ ಕೆಂಪಾಜಮ್ಮ ಬಾಯಲ್ಲಿ ಹೇಳಿದ್ದು.’ ಅಚ್ಚಾಗದ ಮಾತನ್ನೂ ಹಾಕಬಹುದು, ಆದರೆ ಹೇಳಿದವರ ಒಪ್ಪಿಗೆ ಬೇಕು ಎಂದು ಪವಿತ್ರ ಅಲ್ಲಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

ಪವಿತ್ರ: ಅಜ್ಜಿ, ನಿಮ್ಮ ಮೂಲದ ಬಗ್ಗೆ ಕೇಳ್ಬೇಕಿತ್ತು.

ಕೆಂಪಾಜಮ್ಮ: ನಂಗೆಲ್ಲಿ ಮೂಲ ಕಣವ್ವ? ದಿನಾ ಮಜ್ಗೆ ಕುಡಿತೀನಿ. ಯಾವನ್ ಅಂದೋನು?

ಸದಾಶಿವಪ್ಪ: ಕುಂತ್ರೆ ನೋಯೋ ಮೂಲ ಅಲ್ಲ ಕಣಕ್ಕ. ಬಿಕ್ಕಳಿಕೆ ಮೂಲ.

ಕೆಂಪಾಜಮ್ಮ: ಮೂಲ ಆದೋರ್ಗೆ ಬಿಕ್ಕಳಿಕೆನೂ ಬತ್ತದಾ? ಪಾಪ, ನಿಂಗಾ ಸದಾಸಿವ?

ಮೂಲವ್ಯಾಧಿಗೆ ಒಳ್ಳೆಯದೆಂದು ಸುವರ್ಣಗಡ್ಡೆ ಪಲ್ಯ ಮಾಡುವ ಕ್ರಮವೂ ಬಂದುಹೋಯಿತು. ಆಮೇಲೆ, ಆ ಏಳು ಗುಟುಕಿನ ಮದ್ದು ನಿಮಗೆ ಯಾರು ಹೇಳಿಕೊಟ್ಟರು ಎಂದು ಪವಿತ್ರ ಬಿಡಿಸಿ ಕೇಳಿದಳು.

ಕೆಂಪಾಜಮ್ಮ: ಇನ್ಯಾರು? ನಿನ್ ಪಕ್ಕದಲ್ ಕುಂತವ್ನಲ್ಲ, ಅವ್ನೆಯ. ಮಾರ್ಟಳ್ಳಿ ಕ್ಯಾಂಪ್ಗೆ ಡಾಕ್ಟ್ರು ಬರೋದು ತಡ ಆಯ್ತು ಅಂತ ಮೈಕ್ ಇಡ್ಕಂಡು ಒಂದ್ ಗಂಟೆ ರೀಲ್ ಬುಟ್ಟ. ಬೆಟ್ಟ ಯಾವ್ ಕಡೆ ಸಾ ಅಂತ ಯಾರೋ ಕೇಳುದ್ರೆ, ಅದ್ನೂ ತಪ್ಪಾಗೇ ತೋರ್ಸ್ದ.

ಸದಾಶಿವಪ್ಪನಿಗೆ ನೆನಪಾಯಿತು. ಜನ ಎದ್ದು ಹೋಗದಿರಲೆಂದು ಅವತ್ತು ಬಾಯಿಗೆ ಬಂದದ್ದೆಲ್ಲ ಬಿಟ್ಟಿದ್ದ. ಏಳು ಗುಟುಕು ಅದರಲ್ಲಿ ತೀರ ಸಣ್ಣ ಸುಳ್ಳು. ಅದು ಕಾಮಗೆರೆಗೆ ಹೋಗಿ, ವಾಟ್ಸಾಪ್ ಹತ್ತಿ, ಇಂಟರ್ನೆಟ್ಟಿನಲ್ಲಿ ತಂಗಿ, ಮೂವತ್ತು ವರ್ಷದ ಮೇಲೆ ಅವನ ಮನೆ ಬಾಗಿಲಿಗೇ ಬಂದಿತ್ತು. ಗುರುತು ಹತ್ತದೆ, ಎಂಥ ಸತ್ಯ ಎಂದು ಮಣೆ ಹಾಕಿ ಕೂರಿಸಿಕೊಂಡಿದ್ದ.

ಅವನು ಮೆಲ್ಲಗೆ ಎದ್ದು ನಿಂತ. ಪವಿತ್ರ ಲೇಖನ ಮಡಚಿ ಅವನ ಕೈಗಿಟ್ಟಳು.

ಪವಿತ್ರ: ಬೇಜಾರ್ ಮಾಡ್ಕೋಬೇಡಿ ಸಾರ್. ಮೂಲ ಅಂತೂ ಸಿಕ್ತಲ್ಲ. ಕೂತ್ಕೊಳ್ಳಿ, ಕಾಫಿ ತರಿಸ್ತೀನಿ.

ಸದಾಶಿವಪ್ಪ: ಸಿಕ್ತು ಕಣಮ್ಮ. ಅದ್ಕೇ ಕೂರಕ್ಕಾಯ್ತಿಲ್ಲ.