ಡಾಕ್ಟರರ ಹಳೆ ಕಾರು, ಪಾಂಡವರ ಕಲ್ಲು

ಕಾರಿದ್ದವರು ಆದಿತ್ಯವಾರ ಹೆಂಡತಿಯನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುತ್ತಾರೆ. ಬಂಟ್ವಾಳದಲ್ಲಿ ಡಾಕ್ಟರರಾಗಿದ್ದ ನಮ್ಮವರು ಕಲ್ಲು ನೋಡಲು ಕರೆದುಕೊಂಡು ಹೋಗುತ್ತಿದ್ದರು. ನಮ್ಮ ಕಡೆ ಬರಹ ಹುಟ್ಟುವುದಕ್ಕೂ ಮುಂಚಿನ ಜನ ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಹೊದಿಸಿ ಕಟ್ಟಿದ ಕಲ್ಮನೆಗಳು. ಊರವರ ಬಾಯಲ್ಲಿ ಅವು ಪಾಂಡವರ ಮನೆ. ನಮ್ಮ ಕಾರೋ, ನನ್ನ ಮದುವೆಗಿಂತ ಮೊದಲೇ ಮನೆಗೆ ಬಂದದ್ದು. ಹಾಗಾಗಿ ಹಿರಿಸೊಸೆ ಅದೇ. ಐವತ್ತರ ದಶಕದ ಆ ತಿರುಗಾಟದಲ್ಲಿ, ಏನೂ ಎಡವಟ್ಟಾಗದೆ ಮನೆಗೆ ಮರಳಿದ ಆದಿತ್ಯವಾರ ಒಂದೂ ನೆನಪಿಲ್ಲ.

೧. ಏರಿನಲ್ಲಿ ಆಸ್ಪತ್ರೆ

ಪುತ್ತಿಗೆ ಹತ್ತಿರದ ಏರಿನಲ್ಲಿ ಕಾರು ಬುಸ್ಸೆಂದು ಹಬೆ ಬಿಟ್ಟು ನಿಂತಿತು. ನಾನು ಪಕ್ಕದ ಮನೆಗೆ ನೀರು ಕೇಳಲು ಹೋದೆ.

"ಕಾರು ಯಾರದ್ದು?" ಎಂದರು ಆ ಮನೆಯವರು.

"ಡಾಕ್ಟ್ರದ್ದು" ಎಂದೆ.

ಅಷ್ಟೇ. ನೀರಿನ ಕೊಡದ ಹಿಂದೆ ಒಂದು ಕೆಮ್ಮು ಬಂತು. ಕೆಮ್ಮಿನ ಹಿಂದೆ ಸೊಂಟನೋವು ಬಂತು. ಕಾರು ತಣಿದರೂ ಸಾಲು ಕರಗಲಿಲ್ಲ. ಕೊನೆಗೆ ಒಬ್ಬರು ಅಜ್ಜಿ ಮಂಡಿ ಹಿಡಿದುಕೊಂಡು ಬಂದಾಗ ನಮ್ಮವರು ಮೆಲ್ಲಗೆ, "ಬೆಳಕಿರುವಾಗಲೇ ಆ ಕಲ್ಲು ನೋಡಬೇಕಿತ್ತು ಅಜ್ಜೀ" ಎಂದರು.

ಅಜ್ಜಿ ಕಾಲು ಚಾಚಿ ಕೂತೇಬಿಟ್ಟರು. "ಕಲ್ಲು ಇನ್ನೂ ಸಾವಿರ ವರ್ಷ ಇರ್ತದೆ ಡಾಕ್ಟ್ರೇ. ನಾನು ಇರ್ತೇನಾ? ಮೊದಲು ನನ್ನನ್ನು ನೋಡಿ."

೨. ದೋಸೆಗೆ ಸೂತಕ

ಇನ್ನೊಮ್ಮೆ ಮೂಡಬಿದ್ರೆ ಕಡೆಯ ಗುಡ್ಡಕ್ಕೆ ಹೋದೆವು. ಜೊತೆಗೆ ನನ್ನ ಅತ್ತೆಯೂ, ಮಂಗಳೂರಿನ ಒಬ್ಬರು ಚರಿತ್ರೆಯ ಮೇಷ್ಟ್ರೂ ಇದ್ದರು. ಉರುಳಿ ಬಿದ್ದಿದ್ದ ಒಂದು ಚಪ್ಪಡಿ ಮೇಜಿನಷ್ಟೇ ಸಪಾಟಾಗಿತ್ತು. ಅದರ ಮೇಲೆಯೇ ಬಾಳೆಲೆ ಹಾಸಿ ನೀರುದೋಸೆ, ಚಟ್ನಿ ಬಡಿಸಿದೆ. ಎಲ್ಲರೂ ತಿನ್ನತೊಡಗಿದ ಮೇಲೆ ಮೇಷ್ಟ್ರು ಹೇಳಿದರು: "ಪಾಂಡವರೂ ಇಲ್ಲ, ಮನೆಯೂ ಇಲ್ಲ. ಇವೆಲ್ಲ ಸಮಾಧಿಗಳು."

ನನ್ನ ಕೈಯ ದೋಸೆ ಕೈಯಲ್ಲೇ ಉಳಿಯಿತು. ಮಡಿಯೆಂದರೆ ಮಡಿ ನನ್ನ ಅತ್ತೆ! ಇನ್ನು ತಣ್ಣೀರು ಸ್ನಾನ ಎಲ್ಲರಿಗೂ ಗ್ಯಾರಂಟಿ ಎಂದುಕೊಂಡೆ.

ಅತ್ತೆ ಅಗಿಯುವುದು ನಿಲ್ಲಿಸಿ ಕೇಳಿದರು: "ಅವರು ಸತ್ತು ಎಷ್ಟು ಸಮಯ ಆಯಿತು?"

"ಎರಡು ಸಾವಿರ ವರ್ಷ ದಾಟಿರಬಹುದು."

"ಹಾಗಾದರೆ ಸೂತಕ ಕಳೆದಿದೆ" ಎಂದು ಅತ್ತೆ ನನ್ನ ಕಡೆ ಎಲೆ ಸರಿಸಿದರು. "ಇನ್ನೆರಡು ಹಾಕು."

೩. ಎಳೆದದ್ದೊಂದು, ಬಂದದ್ದೊಂದು

ಬೆಳ್ತಂಗಡಿ ಕಡೆ ನಮ್ಮವರಿಗೆ ಬಹಳ ಪ್ರೀತಿಯ ಒಂದು ಕಲ್ಮನೆ ಇತ್ತು. ಒಂದು ದಿನ ಹೋಗಿ ನೋಡಿದರೆ ಅದರ ಮೇಲಿನ ಚಪ್ಪಡಿಗೆ ಹಗ್ಗ ಬಿಗಿದಿದೆ! ಜಾಗದ ಯಜಮಾನರಿಗೆ ತೋಡಿನ ಹರಿವ ನೀರಿನ ಮೇಲೆ ಕಾಲುಸಂಕದ ಸೇತುವೆ ಹಾಕಲು ಕಲ್ಲು ಬೇಕಿತ್ತಂತೆ.

"ಇಂಥದ್ದು ಇನ್ನೊಂದು ಸಿಗುವುದಿಲ್ಲ, ಬಿಟ್ಟುಬಿಡಿ" ಎಂದು ನಮ್ಮವರು ಅಂಗಲಾಚಿದರು.

"ಮಳೆಗಾಲದಲ್ಲಿ ನಮ್ಮ ಮಕ್ಕಳು ತೋಡು ದಾಟುವುದು ಹೇಗೆ ಮಾರಾಯ್ರೆ?" ಎಂದರು ಯಜಮಾನರು. "ಎತ್ತುಗಳು ಗದ್ದೆಯಲ್ಲಿವೆ. ನಿಮ್ಮ ಕಾರಿಗೇ ಕಟ್ಟಿ ಎಳೆಯುವ."

ನಮ್ಮವರು ಒಮ್ಮೆ ಕಾರಿನ ಕಡೆ ನೋಡಿ, "ಆಗಲಿ" ಎಂದುಬಿಟ್ಟರು.

ನಾನು ಅವರ ತೋಳು ಹಿಡಿದೆಳೆದೆ. "ನಿಮಗೆ ತಲೆ ಸರಿ ಉಂಟಾ?"

"ಸುಮ್ಮನಿರು" ಎಂದು ಪಿಸುಗುಟ್ಟಿದರು. "ಈ ಕಾರು ಕಲ್ಲು ಎಳೆಯುವುದುಂಟಾ?"

ಹಗ್ಗವನ್ನು ಹಿಂದಿನ ಬಂಪರಿಗೆ ಕಟ್ಟಿದರು. ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡಿದ್ದಾಯಿತು. ಕಾರು ಗುಡುಗಿತು, ನಡುಗಿತು, ಧಡಾರೆಂದು ಮುಂದೆ ಹಾರಿತು. ಕಲ್ಲು ಕೂದಲಷ್ಟೂ ಅಲುಗಲಿಲ್ಲ. ಬಂಪರು ಮಾತ್ರ ಹಗ್ಗದ ತುದಿಯಲ್ಲೇ ಉಳಿಯಿತು.

ಯಜಮಾನರ ಮುಖ ಬಿಳುಚಿತು. "ಕಬ್ಬಿಣವನ್ನೇ ಕಿತ್ತುಕೊಂಡಿತಲ್ಲ! ಇದರಲ್ಲಿ ಏನೋ ಶಕ್ತಿ ಉಂಟು" ಎಂದು ತಾವೇ ಹಗ್ಗ ಬಿಚ್ಚಿದರು. ಬಂಪರನ್ನು ಅಂದು ಅಲ್ಲೇ ಬಿಟ್ಟು ಬಂದು, ಕಾಲುಸಂಕಕ್ಕೆ ಒಳ್ಳೆಯ ಎರಡು ಮರದ ದಿಮ್ಮಿ ನಾವೇ ಕಳಿಸಿಕೊಟ್ಟೆವು.

ಮಳೆಗಾಲ ಕಳೆದ ಮೇಲೆ ಬಂಪರು ತರೋಣವೆಂದು ಹೋದೆವು. ಮಕ್ಕಳು ದಿಮ್ಮಿಯ ಮೇಲೆ ಓಡಾಡುತ್ತಿದ್ದರು. ಕಲ್ಮನೆಯ ಸುತ್ತ ಸಗಣಿ ಸಾರಿಸಿ, ಮುಂದೆ ದೀಪ ಹಚ್ಚಿದ್ದರು. ಪಕ್ಕದಲ್ಲಿ ನಮ್ಮ ಬಂಪರು ನೆಟ್ಟಗೆ ನಿಂತಿತ್ತು; ಮೈತುಂಬ ಕುಂಕುಮ, ಕೊರಳಿಗೆ ಕೇಪುಳ ಹೂವಿನ ಮಾಲೆ.

ನಮ್ಮವರು ಬಾಯಿ ತೆರೆಯುವ ಮೊದಲೇ ಯಜಮಾನರು ಕೈಮುಗಿದರು. "ಕಲ್ಲನ್ನು ಬೇಕಾದರೆ ಕೊಂಡುಹೋಗಿ ಡಾಕ್ಟ್ರೇ. ಬಂಪರು ಮಾತ್ರ ಕೇಳಬೇಡಿ. ನಮ್ಮ ಮನೆಯವರು ಅದಕ್ಕೆ ಹರಕೆ ಹೇಳಿಕೊಂಡಿದ್ದಾರೆ."